ಮುಂಗೈ ಮೇಲೊಂದು ಬಂಗಡೆ

ಹಚ್ಚೆ ಹಾಕಿಸಿಕೊಂಡವರನ್ನು ಬೇರೆ ಊರಿನವರು ಎರಡು ಪ್ರಶ್ನೆ ಕೇಳುತ್ತಾರೆ. ನೋವಾಯ್ತಾ? ಎಷ್ಟಾಯ್ತು? ಕಾರವಾರದಲ್ಲಿ ಮೂರನೆಯದೂ ಒಂದಿದೆ, ಅದನ್ನೇ ಮೊದಲು ಕೇಳುತ್ತಾರೆ. ಇದು ಯಾವ ಮೀನು?

ಬಂಗಡೆ ಸ್ವಾಮಿ. ನನ್ನ ಎಡ ಮುಂಗೈ ಮೇಲೆ ಇರುವುದು ಬಂಗಡೆ. ಬೆನ್ನ ಮೇಲೆ ಉದ್ದುದ್ದ ಕಪ್ಪು ಪಟ್ಟೆ ಇದೆ, ಬಾಲ ಕವಲಾಗಿದೆ, ಕಣ್ಣು ತಾಜಾ ಇದೆ. ಮೊದಲು ಇಸವಣ, ಅಂದರೆ ದೊಡ್ಡ ದುಬಾರಿ ಮೀನು, ಹಾಕಿಸಬೇಕು ಅಂತಿತ್ತು. ಆದರೆ ಹಚ್ಚೆಗೆ ಚದರ ಇಂಚಿನ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ ಅಂತ ಗೊತ್ತಾದ ಮೇಲೆ, ಮೀನು ಮಾರ್ಕೆಟ್ಟಿನಲ್ಲಿ ತಿಂಗಳ ಕೊನೆಗೆ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಇಸವಣ ಬಿಟ್ಟು ಬಂಗಡೆಗೆ ಇಳಿದೆ.

ಹಾಕಿಸಿದ್ದು ಗೋಕರ್ಣದಲ್ಲಿ. ಅಲ್ಲಿ ದೇವಸ್ಥಾನದ ಬೀದಿ ದಾಟಿ ಬೀಚಿನ ಕಡೆ ನಡೆದರೆ ಪೂಜೆ ಸಾಮಾನಿನ ಅಂಗಡಿ, ಸಡಿಲ ಪ್ಯಾಂಟಿನ ಅಂಗಡಿ, ಹಚ್ಚೆ ಅಂಗಡಿ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಮನೆಯಲ್ಲಿ ಹೇಳಿದಾಗ ಅಮ್ಮ ಎರಡು ದಿನ ಮಾತಾಡಲಿಲ್ಲ. ಅಪ್ಪ ಮಾತ್ರ "ಹೋಗುದಾದ್ರೆ ಹೋಗು, ಜೊತೆಗೆ ತಮ್ಮನ್ನ ಕರ್ಕೊಂಡು ಹೋಗು, ಧೈರ್ಯಕ್ಕೆ ಒಬ್ರು ಬೇಕು" ಅಂದರು. ಈ ಧೈರ್ಯದ ಕತೆಗೆ ಆಮೇಲೆ ಬರುತ್ತೇನೆ.

ನೋವು ಕಡಿಮೆ ಮಾಡಿಕೊಳ್ಳುವ ಕೆಲಸ ಸೂಜಿ ಮುಟ್ಟುವ ಮೊದಲೇ ಶುರುವಾಗುತ್ತದೆ. ಎಲ್ಲಿ ಹಾಕಿಸುತ್ತೀರಿ ಅನ್ನುವುದರಲ್ಲೇ ಅರ್ಧ ಮುಗಿಯಿತು. ನನಗೆ ಕಾಲಿನ ಗಂಟಿನ ಹತ್ತಿರ ಬೇಕಿತ್ತು. ಹಚ್ಚೆ ಹುಡುಗ ತನ್ನ ಬೆರಳಿನಿಂದ ಅಲ್ಲಿ ಒಮ್ಮೆ ತಟ್ಟಿ ತೋರಿಸಿದ. "ಇಲ್ಲಿ ಚರ್ಮದ ಕೆಳಗೆ ಸೀದಾ ಮೂಳೆ ಅಕ್ಕಾ, ಮೊದಲನೇ ಸಲಕ್ಕೆ ಬೇಡ." ಪಕ್ಕೆಲುಬು, ಬೆನ್ನುಮೂಳೆ, ಪಾದದ ಮೇಲ್ಭಾಗ, ಮೊಣಕೈ ಒಳಗಿನ ಮಡಿಕೆ, ಇವೆಲ್ಲ ಜಾಸ್ತಿ ನೋವಿನ ಜಾಗಗಳು. ಮಾಂಸ ಇರುವ ಕಡೆ, ಅಂದರೆ ತೋಳಿನ ಹೊರಬದಿ, ಮುಂಗೈಯ ಹೊರಬದಿ, ಮೀನಖಂಡ, ಇಲ್ಲೆಲ್ಲ ತಡೆಯಬಹುದು. ಮೀನಖಂಡದ ಮೇಲೆ ಮೀನು ಅಂತ ತಮ್ಮ ನಕ್ಕ. ನಾನು ನಗಲಿಲ್ಲ.

ಎರಡನೆಯದು ಹೊಟ್ಟೆ. ಖಾಲಿ ಹೊಟ್ಟೆಯಲ್ಲಿ ಹೋಗಲೇಬಾರದು. ರಕ್ತದಲ್ಲಿ ಸಕ್ಕರೆ ಇಳಿದರೆ ಅದೇ ನೋವು ದುಪ್ಪಟ್ಟು ಅನಿಸುತ್ತದೆ, ತಲೆ ಬೇರೆ ತಿರುಗುತ್ತದೆ. ಹಿಂದಿನ ದಿನ ಮದ್ಯ ಬೇಡ, ಆಸ್ಪಿರಿನ್ ಥರದ ಮಾತ್ರೆಯನ್ನು ನಾವಾಗಿ ನುಂಗುವುದೂ ಬೇಡ, ರಕ್ತ ಜಾಸ್ತಿ ಒಸರುತ್ತದೆ. ನಾನು ಇಡ್ಲಿ, ಬನ್ಸು, ಮೇಲೊಂದು ದೋಸೆ ತಿಂದೆ. ಎದುರಿಗೆ ಕೂತ ತಮ್ಮ ಮೊಬೈಲ್ ನೋಡುತ್ತಾ ಅರ್ಧ ಲೋಟ ಚಹಾ ಕುಡಿದ. ಹಸಿವಿಲ್ಲವಂತೆ.

ಮರಗಟ್ಟಿಸುವ ಕ್ರೀಮಿನ ಜವಾಬ್ದಾರಿಯನ್ನೂ ಅವನಿಗೇ ಕೊಟ್ಟಿದ್ದೆವು. ಲಿಡೋಕೇನ್ ಇರುವ ಕ್ರೀಮನ್ನು ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಸುಮಾರು ಒಂದು ಗಂಟೆ ಬಿಟ್ಟರೆ ಮೇಲಿನ ಚರ್ಮ ಜಡವಾಗುತ್ತದೆ. ದೇಹದ ತುಂಬ ಬಳಿದುಕೊಳ್ಳುವ ವಸ್ತು ಅಲ್ಲ ಅದು, ಜಾಸ್ತಿ ಒಳಗೆ ಹೋದರೆ ಹೃದಯಕ್ಕೇ ತೊಂದರೆ. ನಮ್ಮವನು ಔಷಧಿ ಅಂಗಡಿಯಲ್ಲಿ "ನೋವಿಗೆ ಒಂದು ಕ್ರೀಮ್" ಅಂತ ಕೇಳಿದ್ದಾನೆ. ಅವರು ಪಾಪ ಮಂಡಿ ನೋವಿನ ಮುಲಾಮು ಕೊಟ್ಟಿದ್ದಾರೆ. ಟ್ಯೂಬಿನ ಮೇಲೆ ಸೊಂಟ ಹಿಡಿದುಕೊಂಡ ಗಂಡಸಿನ ಚಿತ್ರ. ಅದನ್ನು ಹಚ್ಚಿಕೊಂಡು ಸೂಜಿಯ ಕೆಳಗೆ ಕೂತಿದ್ದರೆ ಬಂಗಡೆ ಅಲ್ಲೇ ಫ್ರೈ ಆಗುತ್ತಿತ್ತು.

ಸರಿ, ಕ್ರೀಮಿಲ್ಲದೆ ಕೂತೆ. ಹುಡುಗ ಹೊಸ ಸೂಜಿಯ ಪೊಟ್ಟಣವನ್ನು ನನ್ನ ಕಣ್ಣೆದುರಿಗೇ ಹರಿದ. ಶಾಯಿಯನ್ನು ಬಾಟಲಿಯಿಂದ ಸಣ್ಣ ಮುಚ್ಚಳದಷ್ಟಿದ್ದ ಬಟ್ಟಲಿಗೆ ಸುರಿದುಕೊಂಡ, ಗ್ಲೌಸ್ ಹಾಕಿಕೊಂಡ. ಇದನ್ನು ನೋಡಿಯೇ ಕೂರಬೇಕು, ಸಂಕೋಚ ಬೇಡ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ ಅಂದರೆ ನನಗೂ ಜೀವ, ಆದರೆ ಜಾತ್ರೆ ಅಂತಲ್ಲ, ಎಲ್ಲೇ ಆಗಲಿ ಸಾಲಾಗಿ ಕೂರಿಸಿ ಒಂದೇ ಸೂಜಿಯಲ್ಲಿ ಹತ್ತು ಜನರ ಕೈ ಮೇಲೆ ಹೆಸರು ಕೊರೆಯುವವರ ಹತ್ತಿರ ಸುಳಿಯಬಾರದು. ಹೆಪಟೈಟಿಸ್ ಬಿ, ಸಿ, ಎಚ್ಐವಿ, ಎಲ್ಲಕ್ಕೂ ಅದೊಂದು ದಾರಿ.

ಈಗ ನೋವಿನ ವಿಷಯ.

ಮೊದಲು ಬರುವುದು ಸದ್ದು. ಸೂಜಿ ಇನ್ನೂ ಚರ್ಮ ಮುಟ್ಟಿರುವುದಿಲ್ಲ, ಆ ಗುಂಯ್ ಸದ್ದಿಗೇ ಹಲ್ಲು ಕಚ್ಚಿಕೊಂಡಿರುತ್ತೀರಿ. ಆಮೇಲೆ ಗೆರೆ ಎಳೆಯಲು ಶುರು. ಮಾವಿನ ಮರ ಹತ್ತಿದವರಿಗಾದರೆ ಬೇಗ ಅರ್ಥ ಆಗುತ್ತದೆ: ಚಗಳಿ ಇರುವೆಗಳು ಒಂದೇ ಗೆರೆಯ ಮೇಲೆ, ಒಂದರ ಹಿಂದೆ ಒಂದು, ಸಾಲು ತಪ್ಪದೆ ಕಚ್ಚುತ್ತಾ ಹೋದರೆ ಹೇಗೋ ಹಾಗೆ. ಆದರೆ ಚಗಳಿಯನ್ನು ಕೊಡವಿಕೊಳ್ಳಬಹುದು. ಇಲ್ಲಿ ಕೈ ಕೊಡವಿದರೆ ಮೀನಿಗೆ ಎರಡು ಬಾಲ.

ಸೂಜಿ ಹೋಗುವುದು ಒಂದೂವರೆ, ಹೆಚ್ಚೆಂದರೆ ಎರಡು ಮಿಲಿಮೀಟರ್ ಆಳಕ್ಕೆ. ಆದರೆ ನಿಮಿಷಕ್ಕೆ ಸಾವಿರಾರು ಸಲ ಹೋಗಿ ಬರುತ್ತದೆ. ಮೇಲಿನ ಚರ್ಮದಲ್ಲೇ ಶಾಯಿ ನಿಂತರೆ ಅದು ಉದುರಿ ಹೋಗುತ್ತದೆ, ಹಾಗಾಗಿ ಅದರ ಕೆಳಗಿನ ಪದರಕ್ಕೆ ಇಳಿಸಬೇಕು. ನರದ ತುದಿಗಳೂ ಅಲ್ಲೇ ಕೂತಿರುತ್ತವೆ. ಅಲ್ಲಿ ನಮ್ಮ ದೇಹದ ಕಾವಲು ಜೀವಕೋಶಗಳು ಓಡಿ ಬಂದು ಶಾಯಿಯ ಕಣಗಳನ್ನು ನುಂಗುತ್ತವೆ. ಅರಗಿಸಲು ಆಗುವುದಿಲ್ಲ, ಉಗುಳುವುದೂ ಇಲ್ಲ, ಸುಮ್ನೆ ಹಿಡಿದುಕೊಂಡು ಕೂರುತ್ತವೆ. ಹಚ್ಚೆ ವರ್ಷಗಟ್ಟಲೆ ಉಳಿಯುವುದು ಇದರಿಂದಲೇ. ನನ್ನ ಆಫೀಸಿನಲ್ಲೂ ಫೈಲುಗಳು ಉಳಿದಿರುವುದಕ್ಕೆ ಕಾರಣ ಬೇರೇನಲ್ಲ.

ಆಫೀಸು ಅಂದಾಗ ನೆನಪಾಯಿತು. ಈ ಯಂತ್ರದ ಮೂಲ ಒಂದು ಆಫೀಸು ಉಪಕರಣ. ಕಾಗದಕ್ಕೆ ಸಣ್ಣ ಸಣ್ಣ ತೂತು ಕೊರೆದು ಪತ್ರಗಳ ನಕಲು ತೆಗೆಯಲು ಥಾಮಸ್ ಎಡಿಸನ್ ಒಂದು ವಿದ್ಯುತ್ ಪೆನ್ನು ಮಾಡಿ 1876ರಲ್ಲಿ ಪೇಟೆಂಟ್ ಪಡೆದಿದ್ದ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಅದೇ ಉಪಾಯವನ್ನು ಚರ್ಮಕ್ಕೆ ತಿರುಗಿಸಿ 1891ರಲ್ಲಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಇಡೀ ದಿನ ಜೆರಾಕ್ಸ್ ಮಾಡಿಸುವ ನನಗೆ, ಜೆರಾಕ್ಸ್ ಯಂತ್ರದ ಅಜ್ಜನ ಕೈಯಲ್ಲಿ ಚುಚ್ಚಿಸಿಕೊಳ್ಳುವ ಯೋಗ ಇತ್ತು ಅಂತ ಕಾಣುತ್ತದೆ.

ಐದು ಹತ್ತು ನಿಮಿಷ ಕಳೆದರೆ ಒಂದು ವಿಚಿತ್ರ ಆಗುತ್ತದೆ. ನೋವು ಇರುತ್ತದೆ, ಆದರೆ ತಲೆ ಹಗುರ. ದೇಹ ಅಡ್ರಿನಾಲಿನ್, ಎಂಡಾರ್ಫಿನ್ ಅಂತ ತನ್ನದೇ ಔಷಧಿ ಬಿಟ್ಟಿರುತ್ತದೆ. ಈ ಹೊತ್ತಿನಲ್ಲಿ ನಾನು ಹಚ್ಚೆ ಹುಡುಗನಿಗೆ ಕುಬೆ ಸುಕ್ಕ, ಅಂದರೆ ಚಿಪ್ಪುಮೀನಿನ ಪಲ್ಯ, ಮಾಡುವುದು ಹೇಗೆ ಅಂತ ತೆಂಗಿನಕಾಯಿ ತುರಿಯುವುದರಿಂದ ಹಿಡಿದು ಬಿಡಿಸಿ ಬಿಡಿಸಿ ಹೇಳುತ್ತಿದ್ದೆನಂತೆ. ಅವನು ಸಸ್ಯಾಹಾರಿ. ಮಾತಾಡುವುದು ಒಳ್ಳೆಯದೇ, ಗಮನ ಬೇರೆ ಕಡೆ ಹೋಗುತ್ತದೆ. ಉಸಿರು ಮಾತ್ರ ಹಿಡಿದಿಡಬಾರದು, ಗೆರೆ ಎಳೆಯುವಾಗ ನಿಧಾನಕ್ಕೆ ಬಿಡುತ್ತಾ ಹೋಗಬೇಕು. ಸೂಜಿಗಿಂತ ಉರಿಯುವುದು ನಡುನಡುವೆ ಟಿಶ್ಯೂ ಕಾಗದದಿಂದ ಒರೆಸುತ್ತಾರಲ್ಲ, ಅದು. ಮೀನಿನ ಹೊಟ್ಟೆಯ ಕಡೆ ಚುಚ್ಚಿ ಚುಚ್ಚಿ ಕೆಂಪಾದ ಜಾಗದ ಮೇಲೆ ಅವನು ಮೃದುವಾಗಿ ಒರೆಸಿದರೂ ನನಗೆ ಕಣ್ಣಲ್ಲಿ ನೀರು. ಬಾಲ ಮಣಿಕಟ್ಟಿನ ಹತ್ತಿರ ಬಂದಾಗ ಕುಬೆ ಸುಕ್ಕ ಅಲ್ಲಿಗೇ ನಿಂತಿತು. ಅಷ್ಟೊತ್ತಿಗೆ ಆ ಒಳಗಿನ ಔಷಧಿಯೂ ಇಳಿಯುತ್ತಾ ಬಂದಿರುತ್ತದೆ ನೋಡಿ.

ಸರಿಯಾಗಿ ಆಗ "ಅಕ್ಕಾ, ಫ್ಯಾನ್ ಹಾಕ್ತೀರಾ" ಅಂತ ಒಂದು ಸಣ್ಣ ಸ್ವರ ಕೇಳಿತು. ತಿರುಗಿ ನೋಡಿದರೆ ಧೈರ್ಯಕ್ಕೆ ಬಂದವನು ಸ್ಟೂಲಿನಿಂದ ನಿಧಾನಕ್ಕೆ ಗೋಡೆಗೆ ವಾಲುತ್ತಿದ್ದಾನೆ. ಮುಖದಲ್ಲಿ ರಕ್ತವಿಲ್ಲ. ಫ್ಯಾನ್ ಆಗಲೇ ಜೋರಾಗಿ ತಿರುಗುತ್ತಿತ್ತು.

ರಕ್ತ ನೋಡಿ ಹೀಗಾಗುವುದು ಹೇಡಿತನ ಅಲ್ಲ ಅಂತ ಹಚ್ಚೆ ಹುಡುಗ ಆಮೇಲೆ ಸಮಾಧಾನ ಹೇಳಿದ. ನರವೊಂದು ಹೃದಯಕ್ಕೆ ನಿಧಾನ ಅನ್ನುತ್ತದೆ, ಬಿಪಿ ಇಳಿಯುತ್ತದೆ, ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ. ಮಲಗಿಸಿ ಕಾಲು ಎತ್ತಿ ಹಿಡಿದರೆ ಸರಿಹೋಗುತ್ತದೆ. ಹಾಗಾಗಿ ಹಚ್ಚೆ ಹಾಕಿಸಿಕೊಳ್ಳಲು ಬಂದ ನಾನು ಕುರ್ಚಿ ಬಿಟ್ಟು, ಮುಕ್ಕಾಲು ಬಂಗಡೆ ಇರುವ ಕೈ ಮೇಲೆತ್ತಿಕೊಂಡು, ಇನ್ನೊಂದು ಕೈಯಲ್ಲಿ ತಮ್ಮನ ಎರಡೂ ಕಾಲು ಹಿಡಿದು ನಿಂತೆ. ಬಾಗಿಲಲ್ಲಿ ಬೆಲೆ ಕೇಳಲು ಬಂದ ಇಬ್ಬರು ಹುಡುಗಿಯರು ಒಳಗೆ ನೋಡಿ, ಕೇಳದೇ ವಾಪಸ್ ಹೋದರು. ಎದ್ದ ಮೇಲೆ ಅವನಿಗೆ ಕಬ್ಬಿನ ಹಾಲು ಕುಡಿಸಿದೆವು. ನಾನೂ ಹಾಕಿಸ್ತಿದ್ದೆ, ಆರ್ಮಿ ಸೆಲೆಕ್ಷನ್ನಿಗೆ ತೊಂದರೆ ಆಗ್ತದೆ ಅಂತ ಸುಮ್ಮನಿದ್ದೇನೆ ಅಂದ. ಮುಂಗೈಯ ಒಳಬದಿಯಲ್ಲಿ ಇದ್ದರೆ ಆರ್ಮಿಯವರು ಒಪ್ಪುತ್ತಾರೆ ಅಂತ ಹೇಳಿದೆ. ಅವನು ಕಬ್ಬಿನ ಹಾಲಿನ ಕಡೆ ಗಮನ ಕೊಟ್ಟ.

ಇಷ್ಟೆಲ್ಲ ಆದ ಮೇಲೆ ಹೇಳುತ್ತೇನೆ, ಸೂಜಿಯ ನೋವು ಏನೂ ಅಲ್ಲ. ಅವತ್ತೇ ಮುಗಿಯುತ್ತದೆ, ಆಮೇಲೆ ಒಂದೆರಡು ದಿನ ಬಿಸಿಲಿಗೆ ಸುಟ್ಟ ಹಾಗೆ ಚುರುಚುರು. ತುರಿಕೆ ಇದೆಯಲ್ಲ, ಅದಕ್ಕೆ ಎಂಡಾರ್ಫಿನ್ನೂ ಇಲ್ಲ, ಕ್ರೀಮೂ ಇಲ್ಲ. ನಾನು ಹಾಕಿಸಿದ್ದು ಮೇ ತಿಂಗಳಲ್ಲಿ. ನಮ್ಮ ಕರಾವಳಿಯ ಮೇ ಅಂದರೆ ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು. ವಾರದೊಳಗೆ ಚರ್ಮ ಸುಲಿಯಲು ಶುರುವಾಯಿತು, ಬಂಗಡೆಯ ಮೈಯಿಂದ ಕಪ್ಪು ಹುರುಪೆ ಏಳುತ್ತಿತ್ತು, ಆಫೀಸಿನ ಕೀಬೋರ್ಡ್ ಮೇಲೆ ಉದುರುತ್ತಿತ್ತು. ಕೆರೆಯುವ ಹಾಗಿಲ್ಲ, ಹುರುಪೆ ಕಿತ್ತರೆ ಶಾಯಿಯೂ ಜೊತೆಗೆ ಬರುತ್ತದೆ. ತಣ್ಣೀರಲ್ಲಿ ತೊಳೆದು, ಒತ್ತಿ ಒರೆಸಿ, ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಬಹುದು ಅಷ್ಟೇ. ಮೀಟಿಂಗಿನಲ್ಲಿ ನಾನು ಕೈ ತಟ್ಟಿಕೊಳ್ಳುತ್ತಾ ಕೂತಿದ್ದನ್ನು ನೋಡಿ ಸಾಹೇಬರು ತಮ್ಮ ಮಾತಿಗೆ ಚಪ್ಪಾಳೆ ಅಂದುಕೊಂಡು ಇನ್ನರ್ಧ ಗಂಟೆ ಮಾತಾಡಿದರು.

ಅದೇ ಹೊತ್ತಿಗೆ ರಜೆಗೆ ಬಂದ ನೆಂಟರನ್ನು ಟ್ಯಾಗೋರ್ ಬೀಚಿಗೆ ಕರೆದುಕೊಂಡು ಹೋಗುವ ಕೆಲಸವೂ ನನ್ನದೇ. ಹಚ್ಚೆ ಮಾಯುವವರೆಗೆ, ಎರಡು ಮೂರು ವಾರ, ಸಮುದ್ರಕ್ಕೆ ಇಳಿಯಬಾರದು. ಉಪ್ಪುನೀರು ಗಾಯಕ್ಕೆ ಒಳ್ಳೆಯದು ಅನ್ನುವ ಮಾತನ್ನು ನಂಬಬೇಡಿ, ಬೆಚ್ಚಗಿನ ಸಮುದ್ರದಲ್ಲಿ ಗಾಯದ ಮೂಲಕ ಒಳಹೋಗಿ ಜೀವಕ್ಕೇ ಎರವಾಗುವ ಬ್ಯಾಕ್ಟೀರಿಯಾ ಇವೆ. ಎಲ್ಲರೂ ನೀರಲ್ಲಿ, ನಾನು ದಡದಲ್ಲಿ ಎಲ್ಲರ ಚಪ್ಪಲಿ ಕಾಯುತ್ತಾ, ತೋಳುದ್ದದ ಅಂಗಿ ಹಾಕಿಕೊಂಡು.

ಮಾರ್ಕೆಟ್ಟಿನಲ್ಲಿ ನನಗೆ ಯಾವಾಗಲೂ ಮೀನು ಕೊಡುವ ಮೀನು ಮಾರುವ ಅಮ್ಮ ನನ್ನ ಕೈ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. "ಇದು ಬಂಗ್ಡೆ ಅಲ್ಲ ತಂಗಿ, ಹೊಟ್ಟೆ ನೋಡಿದ್ರೆ ತಾರ್ಲಿ." ತಾರ್ಲಿ ಅಂದರೆ ಬೂತಾಯಿ. ನಾನು ಪಟ್ಟೆ ತೋರಿಸಿದೆ. "ಪಟ್ಟೆ ಬಂಗ್ಡೆದು, ಹೊಟ್ಟೆ ತಾರ್ಲಿದು. ಎಷ್ಟು ಕೊಟ್ಟೆ?" ಹೇಳಿದೆ. ಅವರು ಪಕ್ಕದವರನ್ನೂ ಕರೆದು ರೇಟು ಹೇಳಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಜೂನ್ ಒಂದಕ್ಕೆ ಮೀನುಗಾರಿಕೆ ನಿಷೇಧ ಶುರುವಾದ ಮೇಲೆ ಮಾತ್ರ, ಜುಲೈ ಕೊನೆತನಕ ನಿನ್ನ ಹತ್ರ ಆದ್ರೂ ಒಂದು ಇದೆಯಲ್ಲ ಅಂತ ನಕ್ಕರು.

ಅಂಕೋಲಾ ಕಡೆಯ ನಮ್ಮ ಅಜ್ಜಿಗೆ ನನ್ನ ನೋವಿನ ಕತೆಯಲ್ಲಿ ಆಸಕ್ತಿಯೇ ಇಲ್ಲ. ಅವರ ಮುಂಗೈ ಮೇಲೆ ತುಳಸಿಕಟ್ಟೆ ಇದೆ, ಈಗ ಹಸಿರು ನೀಲಿಯಾಗಿ ಹರಡಿಹೋಗಿದೆ. ಅಂಗಳದಲ್ಲಿ ಕೂರಿಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ, ಸೊಪ್ಪಿನ ರಸದಲ್ಲಿ ಕಲಸಿದ ಕಾಡಿಗೆಯಲ್ಲಿ ಅದ್ದಿ ಕೈಯಿಂದಲೇ ಚುಚ್ಚಿದ್ದಂತೆ. ದೊಡ್ಡಮ್ಮ ಒಂದು ಕೈ ಹಿಡಿದಿದ್ದರು, ಅತ್ತೆ ಇನ್ನೊಂದು. ಹಚ್ಚೆ ಹಾಕುವವಳು ಹುಡುಗಿ ಅಳಬಾರದು ಅಂತ ಹಾಡು ಹೇಳುತ್ತಿದ್ದಳು. ಸತ್ತಾಗ ಚಿನ್ನ ಬಿಚ್ಚಿಕೊಳ್ಳುತ್ತಾರೆ, ಇದನ್ನು ಮಾತ್ರ ಯಾರೂ ಬಿಚ್ಚುವ ಹಾಗಿಲ್ಲ ಅನ್ನುವುದು ಅಜ್ಜಿಯ ವಾದ. ನಿನ್ನವನು ಹಾಡಿದನಾ ಅಂತ ಕೇಳಿದರು. ಇಲ್ಲ, ನಾನೇ ಅಡುಗೆ ಹೇಳಿದೆ ಅಂದೆ. ಅರಿಶಿನ ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚು ಅಂತ ಬಟ್ಟಲು ಹಿಡಿದು ಹಿಂದೆ ಬಿದ್ದರು. ವಾಸನೆ ಇಲ್ಲದ ಸೋಪು, ತೆಳ್ಳಗೆ ಮುಲಾಮು, ಇಷ್ಟೇ ಸಾಕು ಅಂತ ಹುಡುಗ ಹೇಳಿದ್ದಾನೆ ಅಂದರೆ, ಹಾಡಲು ಬಾರದವನ ಮಾತು ಏನು ಕೇಳುತ್ತೀ ಅಂದರು.

ಮೊನ್ನೆ ಅಜ್ಜಿಯ ಫೋನು. ತುಳಸಿಕಟ್ಟೆ ಮಾಸಿದೆ, ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆಯುತ್ತಾನಾ ಕೇಳು ಅಂತ. ಕೇಳಿದೆ. ವಯಸ್ಸಾದವರ ಚರ್ಮ ತೆಳು, ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ನೋಡೋಣ ಅಂದಿದ್ದಾನೆ. ಅಜ್ಜಿ ಡಾಕ್ಟರಿಗೂ ಒಪ್ಪಿದ್ದಾರೆ, ಗೋಕರ್ಣದ ಬಸ್ಸಿಗೂ ಒಪ್ಪಿದ್ದಾರೆ. ಒಂದೇ ಷರತ್ತು. "ನಿನ್ನ ತಮ್ಮನ್ನ ಮಾತ್ರ ಕರ್ಕೊಂಡು ಬರಬೇಡ. ಅವನ ಕಾಲು ಎತ್ತಿ ಹಿಡೂಕೆ ನನ್ನ ಸೊಂಟದಲ್ಲಿ ಶಕ್ತಿ ಇಲ್ಲ."