ಲಕೋಟೆ ಕಾಣೆಯಾಗಿದೆ

ಆಯುಧಪೂಜೆಯ ಮರುದಿನ ತುಮಕೂರಿನ ಮನೆಗಳಲ್ಲಿ ಎರಡು ವಸ್ತು ಕಾಣೆಯಾಗುತ್ತವೆ. ಒಂದು ಸ್ಕೂಟರಿನ ನಂಬರ್ ಪ್ಲೇಟು. ಅದು ಚೆಂಡುಹೂವಿನ ಹಾರದ ಹಿಂದೆ ಸಿಗುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ ಮೇಲ್ ನೋಡುವ ಪ್ರೋಗ್ರಾಂ. ಅದು ಯಾವುದರ ಹಿಂದಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಹಿಂದಿನ ದಿನ ನಡೆದದ್ದು ಇಷ್ಟೆ. ಕಂಪ್ಯೂಟರು ಆನ್ ಇದ್ದ ಹಾಗೇ ಒಬ್ಬರು ಒದ್ದೆ ಬಟ್ಟೆಯಲ್ಲಿ ಕೀಬೋರ್ಡನ್ನು ತಿಕ್ಕಿ ತಿಕ್ಕಿ ಒರೆಸಿದ್ದಾರೆ. ಮಾನಿಟರಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಸಿಪಿಯು ಮುಂದೆಯೇ ಬೂದುಗುಂಬಳ ಒಡೆಯಲು ಹೊರಟವರನ್ನು ಹೇಗೋ ಗೇಟಿನಾಚೆ ಕಳಿಸಲಾಗಿದೆ. ಅಷ್ಟರಲ್ಲಿ ರಜಕ್ಕೆ ಬಂದ ಮೊಮ್ಮಗಳು ಪರದೆಯ ಒಳಗನ್ನೂ ಗುಡಿಸಿದ್ದಾಳೆ. "ಎಷ್ಟೊಂದು ಗಲೀಜಿತ್ತು ತಾತ, ಎಲ್ಲಾ ತೆಗ್ದಾಕ್ದೆ."

ಬೆಳಿಗ್ಗೆ ತಾತ ಬಂದು ಕೂತಾಗ ಲಕೋಟೆ ಚಿತ್ರ ಇಲ್ಲ. "ಪೆನ್ಷನ್ ಕಾಗದ, ಸೊಸೈಟಿ ಕಾಗದ, ಎಲ್ಲಾ ಅದ್ರಾಗೇ ಇದ್ವು ಕಣಮ್ಮ!" ಅಜ್ಜಿಯ ತನಿಖೆ ಒಂದೇ ಮಾತಿನಲ್ಲಿ ಮುಗಿಯುತ್ತದೆ: "ಯಾರ ಕಣ್ಣು ಬಿತ್ತೋ." ಎದುರುಮನೆಯ ಇಂಜಿನಿಯರಿಂಗ್ ಹುಡುಗ ಚಪ್ಪಲಿ ಬಿಡುವ ಮೊದಲೇ ಚಿಕಿತ್ಸೆ ಹೇಳಿರುತ್ತಾನೆ: "ಫಾರ್ಮ್ಯಾಟ್ ಹೊಡೆದುಬಿಡೋಣ ಅಂಕಲ್, ಅರ್ಧ ಗಂಟೆ." ಈ ಹುಡುಗನಿಗೆ ಕಾಫಿ, ಕೋಡುಬಳೆ ಕೊಟ್ಟು ಚೆನ್ನಾಗಿ ಉಪಚರಿಸಿ, ಎರಡೂ ಕೈಗೆ ಬಿಡುವಿರದಂತೆ ನೋಡಿಕೊಳ್ಳುವುದು ಮೊದಲ ಕ್ರಮ. ಉಳಿದದ್ದೆಲ್ಲ ಆಮೇಲೆ.

ಯಾಕೆಂದರೆ ಕಾಣೆಯಾದದ್ದು ಏನು ಎಂದೇ ಇನ್ನೂ ಗೊತ್ತಾಗಿಲ್ಲ. ಪರದೆಯ ಮೇಲಿನ ಲಕೋಟೆ ಚಿತ್ರ ಗೇಟಿಗೆ ತಗುಲಿಸಿದ ಹೆಸರಿನ ಬೋರ್ಡು. ಪ್ರೋಗ್ರಾಂ ಅಂದರೆ ಮನೆ. ಪತ್ರಗಳು ಅಟ್ಟದ ಮೇಲಿನ ಟ್ರಂಕು. ಬೋರ್ಡು ಕಿತ್ತರೆ ಮನೆ ಬೀಳುವುದಿಲ್ಲ. ಮನೆ ಬಿದ್ದರೂ ಎಷ್ಟೋ ಸಲ ಟ್ರಂಕು ಮಾತ್ರ ಅಂತರದಲ್ಲೇ ನಿಂತಿರುತ್ತದೆ. ಕಂಪ್ಯೂಟರಿನ ವಾಸ್ತು ಹಾಗಿದೆ. ಫಾರ್ಮ್ಯಾಟ್ ಅಂದರೆ ಸೈಟಿಗೇ ಜೆಸಿಬಿ ಬಿಡುವುದು.

ಬೋರ್ಡು ಮಾತ್ರ ಹೋಗಿದ್ದರೆ ಎರಡು ನಿಮಿಷದ ಕೆಲಸ. ಡೆಸ್ಕ್‌ಟಾಪಿನಲ್ಲಿ ಉಳಿದಿರುವ ಬೇರೆ ಚಿತ್ರಗಳ ಎಡ ಕೆಳಮೂಲೆ ನೋಡಿ. ಪುಟ್ಟ ಬಾಣದ ಗುರುತಿದ್ದರೆ ಅದು ಶಾರ್ಟ್‌ಕಟ್, ಬರೀ ಬೋರ್ಡು. ಮೊಮ್ಮಗಳು ಗುಡಿಸಿದ್ದು ಇಂಥವನ್ನೇ. ರೀಸೈಕಲ್ ಬಿನ್ ತೆರೆದು, ಒಳಗಿರುವ ಲಕೋಟೆಯ ಮೇಲೆ ಬಲ ಕ್ಲಿಕ್ ಮಾಡಿ ರಿಸ್ಟೋರ್ ಎಂದರೆ ಇದ್ದ ಜಾಗಕ್ಕೇ ಬಂದು ಕೂರುತ್ತದೆ. ಬಿನ್ನನ್ನೂ ತೊಳೆದಿಟ್ಟಿದ್ದರೆ ವಿಂಡೋಸ್ ಕೀ ಒತ್ತಿ ಪ್ರೋಗ್ರಾಮಿನ ಹೆಸರು ಟೈಪ್ ಮಾಡಿ. ಮನೆ ಇದ್ದರೆ ಪಟ್ಟಿಯಲ್ಲಿ ಬಂದೇ ಬರುತ್ತದೆ. ಅಲ್ಲೇ ಬಲ ಕ್ಲಿಕ್ ಮಾಡಿ ಪರದೆಯ ಕೆಳಗಿನ ಪಟ್ಟಿಯಾದ ಟಾಸ್ಕ್‌ಬಾರಿಗೆ ಪಿನ್ ಮಾಡಿಬಿಡಿ. ಡೆಸ್ಕ್‌ಟಾಪನ್ನು ಗುಡಿಸುವವರ ಕೈ ಟಾಸ್ಕ್‌ಬಾರಿನವರೆಗೆ ಹೋಗುವುದು ಕಡಿಮೆ. ಒಂದೂ ಚಿತ್ರವಿಲ್ಲದೆ ಪರದೆ ಬಟಾಬಯಲಾಗಿದ್ದರೆ ಅಳಿಸಿದ್ದಲ್ಲ, ಮರೆಮಾಡಿದ್ದು: ಖಾಲಿ ಜಾಗದಲ್ಲಿ ಬಲ ಕ್ಲಿಕ್, ವ್ಯೂ, ಶೋ ಡೆಸ್ಕ್‌ಟಾಪ್ ಐಕಾನ್ಸ್.

ಒದ್ದೆ ಬಟ್ಟೆಯ ಲೀಲೆ ಬೇರೆ ಥರದ್ದು. ಅದು ಒರೆಸುವಾಗ ಯಾವ್ಯಾವ ಕೀಗಳು ಒಟ್ಟಿಗೆ ಒತ್ತಿಕೊಂಡವೋ ದೇವರೇ ಬಲ್ಲ. ವಿಂಡೋಸ್ ಕೀ ಜೊತೆ ಪಿ ಅಕ್ಷರ ಬಿದ್ದು ಎಕ್ಸ್‌ಟೆಂಡ್ ಆಗಿದ್ದರೆ, ಅಂದರೆ ಪರದೆ ಇನ್ನೊಂದು ಪರದೆಗೂ ಚಾಚಿಕೊಂಡಿದ್ದರೆ, ಹಾಲ್‌ನ ಟಿವಿಗೆ ಕೇಬಲ್ ಸಿಕ್ಕಿಸಿರುವ ಮನೆಯಲ್ಲಿ ಪ್ರೋಗ್ರಾಂ ಆಫ್ ಆಗಿರುವ ಟಿವಿಯೊಳಗೆ ತೆರೆದುಕೊಂಡು ಕೂತಿರುತ್ತದೆ. ಕೆಳಗೆ ಟಾಸ್ಕ್‌ಬಾರಿನಲ್ಲಿ ಗುರುತು ಮಿನುಗುತ್ತಿದೆ, ಮೇಲೆ ಏನೂ ಇಲ್ಲ ಅಂದರೆ ಇದೇ ಕತೆ. ಅದೇ ಎರಡು ಕೀ ಮತ್ತೆ ಒತ್ತಿ ಪಿಸಿ ಸ್ಕ್ರೀನ್ ಓನ್ಲಿ ಆರಿಸಿ. ಆಗಲೂ ಬಾರದಿದ್ದರೆ ಆಲ್ಟ್ ಮತ್ತು ಟ್ಯಾಬ್ ಒತ್ತಿ ಆ ಕಿಟಕಿಗೆ ಹೋಗಿ, ಆಲ್ಟ್ ಮತ್ತು ಸ್ಪೇಸ್, ಆಮೇಲೆ ಎಂ, ಆಮೇಲೆ ಯಾವುದಾದರೊಂದು ಬಾಣದ ಕೀಯನ್ನು ಒಂದೇ ಸಲ; ಈಗ ಮೌಸ್ ಅಲ್ಲಾಡಿಸಿದರೆ ಕಿಟಕಿ ಬಾಲಕ್ಕೆ ಕಟ್ಟಿದ ಹಾಗೆ ಹಿಂದೆ ಬರುತ್ತದೆ. ಇದನ್ನು ಮಾಡಿ ತೋರಿಸಿದವರಿಗೆ ಆ ಮನೆಯಲ್ಲಿ ಇನ್ನು ಹತ್ತು ವರ್ಷ ಮರ್ಯಾದೆ.

ಮನೆಯೇ ನಿಜವಾಗಿ ಹೋಗಿರುವುದೂ ಉಂಟು, ಅದಕ್ಕೆ ಮೊಮ್ಮಗಳನ್ನು ಬಯ್ಯುವ ಹಾಗಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ಔಟ್‌ಲುಕ್ ಎಕ್ಸ್‌ಪ್ರೆಸ್ ವಿಸ್ತಾದಲ್ಲಿ ವಿಂಡೋಸ್ ಮೇಲ್ ಆಯಿತು. ವಿಂಡೋಸ್ 7ರಲ್ಲಿ ಏನೂ ಇರಲಿಲ್ಲ, ಲೈವ್ ಮೇಲ್ ಬೇಕಾದವರು ಇಳಿಸಿಕೊಳ್ಳಬೇಕಿತ್ತು. 2017ರ ಜನವರಿಯಲ್ಲಿ ಅದಕ್ಕೂ ಬೆಂಬಲ ನಿಂತಿತು. ವಿಂಡೋಸ್ 10ರ ಮೇಲ್ ಆ್ಯಪ್‌ಗೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ತೆರೆ ಎಳೆದು, ಆ ಜಾಗಕ್ಕೆ ಹೊಸ ಔಟ್‌ಲುಕ್ ತಂದು ಕೂರಿಸಿತು. ಸೊಸೆಯರು ಬದಲಾದರೂ ಲಕೋಟೆ ಚಿತ್ರ ಮಾತ್ರ ಹೆಚ್ಚೂ ಕಡಿಮೆ ಅದೇ. ಹೀಗಾಗಿ ಹಳೆಯ ಮೇಲ್ ಆ್ಯಪನ್ನು ಮತ್ತೆ ತರುತ್ತೇನೆಂದು ಇಡೀ ಭಾನುವಾರ ಕಳೆಯುವುದು ದಂಡ. ಸಿಕ್ಕರೂ ಅದು ಮೇಲ್ ತರುವುದಿಲ್ಲ, ಕಳಿಸುವುದಿಲ್ಲ.

ಗಾಬರಿ ಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು: ಅದೇ ಮೇಲ್ ಮೊಬೈಲಿನಲ್ಲೂ ಕಾಣುತ್ತಿತ್ತೇ? ಹಳೆಯವೂ ಸೇರಿ ಎಲ್ಲವೂ ಕಾಣುತ್ತಿದ್ದರೆ ಪತ್ರಗಳು ಸರ್ವರಿನಲ್ಲೇ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಿನಲ್ಲೇ ಇವೆ. ಇದು ಐಮ್ಯಾಪ್ ಪದ್ಧತಿ. ಹೊಸ ಪ್ರೋಗ್ರಾಂ ಹಾಕಿ ವಿಳಾಸ ಕೊಟ್ಟರೆ ಎಲ್ಲವೂ ಮತ್ತೆ ಇಳಿದುಬರುತ್ತವೆ. ಕಾಣುತ್ತಿರಲಿಲ್ಲ ಅಂದರೆ ಪಾಪ್ ಪದ್ಧತಿ ಇರಬಹುದು. ಸರ್ವರಿನಲ್ಲಿ ಒಂದು ಪ್ರತಿ ಬಿಡು ಎಂದು ಟಿಕ್ ಹಾಕದೇ ಇದ್ದರೆ ಪಾಪ್ ಪತ್ರವನ್ನು ಮನೆಗೆ ತಂದು ಅಲ್ಲಿಯದನ್ನು ಅಳಿಸಿಬಿಡುತ್ತದೆ. ಆಗ ಇಡೀ ಲೋಕದಲ್ಲಿ ಆ ಪತ್ರಗಳಿರುವುದು ಈ ವಿಭೂತಿ ಹಚ್ಚಿದ ಯಂತ್ರದಲ್ಲಿ ಮಾತ್ರ.

ಟ್ರಂಕು ಎಲ್ಲಿದೆ ಅಂತ ನೋಡೋಣ. ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಬಳಸುತ್ತಿದ್ದವರು ಪುಣ್ಯವಂತರು. ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದರೂ ಅದು ಪತ್ರಗಳ ಫೋಲ್ಡರನ್ನು ಮುಟ್ಟುವುದಿಲ್ಲ. ವಿಂಡೋಸ್ ಮತ್ತು ಆರ್ ಒತ್ತಿ, ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಆಪ್‌ಡೇಟಾ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಕೊಟ್ಟರೆ ಬಚ್ಚಿಟ್ಟ ಅಟ್ಟ ತೆರೆಯುತ್ತದೆ. ಅಲ್ಲಿ ಥಂಡರ್‌ಬರ್ಡ್ ಫೋಲ್ಡರು, ಒಳಗೆ ಪ್ರೊಫೈಲ್ಸ್, ಅದರೊಳಗೆ ಬೀಗದ ನಂಬರಿನಂಥ ಹೆಸರಿನ ಇನ್ನೊಂದು ಫೋಲ್ಡರು. ಏನನ್ನೂ ಮುಟ್ಟುವ ಮೊದಲು ಇಡೀ ಥಂಡರ್‌ಬರ್ಡ್ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ. ಆಮೇಲೆ ಪ್ರೋಗ್ರಾಮನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿ ಹಾಕಿ. ಹುಡುಕಿದಾಗ ಮೊದಲು ಕಾಣುವ ದೊಡ್ಡ ಹಸಿರು ಡೌನ್‌ಲೋಡ್ ಗುಂಡಿ ಎಷ್ಟೋ ಸಲ ಬೇರೆ ಯಾರದ್ದೋ ಜಾಹೀರಾತು. ಒತ್ತಿದರೆ ಕರೆಯದ ನೆಂಟರು ಮೂರು ಜನ ಬಂದು ಉಳಿಯುತ್ತಾರೆ. ಡ್ರಾಯರಿನಲ್ಲಿರುವ ಹಳೆ ಸಿಡಿಯದನ್ನೂ ಹಾಕಬೇಡಿ. ಹೊಸ ಆವೃತ್ತಿ ಬಳಸಿದ ಟ್ರಂಕನ್ನು ಹಳೆಯದು ತೆರೆಯಲು ಒಪ್ಪುವುದಿಲ್ಲ. ಹಾಕಿದ ಮೇಲೆ ಹೊಸ ಖಾತೆ ಮಾಡೋಣವೇ ಎಂದು ಅದು ಅಪರಿಚಿತರಂತೆ ಕೇಳಿದರೆ ಬೇಜಾರು ಬೇಡ. ಮುಚ್ಚಿ, ಮತ್ತೆ ವಿಂಡೋಸ್ ಮತ್ತು ಆರ್ ಒತ್ತಿ, ಥಂಡರ್‌ಬರ್ಡ್ ಎಂದು ಬರೆದು ಜಾಗ ಬಿಟ್ಟು ಅಡ್ಡಗೆರೆ, ದೊಡ್ಡ ಪಿ. ಪ್ರೊಫೈಲುಗಳ ಪಟ್ಟಿ ಬರುತ್ತದೆ, ಹಳೆಯದನ್ನು ಆರಿಸಿ.

ಪತ್ರಗಳಿದ್ದೂ ಪಟ್ಟಿ ಖಾಲಿ ಕಂಡರೆ ಸೂಚಿ ಕೆಟ್ಟಿದೆ. ಮೇಲ್ ಫೋಲ್ಡರಿನೊಳಗೆ ಇನ್‌ಬಾಕ್ಸ್ ಹೆಸರಿನ ಎರಡು ಫೈಲುಗಳಿರುತ್ತವೆ: ಒಂದು ಬಾಲವಿಲ್ಲದ್ದು, ಹಲವು ನೂರು ಎಂಬಿ ತೂಗುವ ದಪ್ಪದ್ದು, ಇನ್ನೊಂದು ಎಂಎಸ್‌ಎಫ್ ಬಾಲದ ಸಣ್ಣದು. ದಪ್ಪದ್ದು ಪತ್ರಗಳ ಗಂಟು, ಸಣ್ಣದು ಬರೀ ವಿಷಯಸೂಚಿ. ಪ್ರೋಗ್ರಾಂ ಮುಚ್ಚಿ ಸಣ್ಣದನ್ನು ಅಳಿಸಿದರೆ ಮುಂದಿನ ಸಲ ತೆರೆದಾಗ ಅದು ತಾನೇ ಹೊಸದಾಗಿ ಹುಟ್ಟುತ್ತದೆ. ಜಾಗ ಉಳಿಸೋಣ ಎಂದು ದಪ್ಪದ್ದನ್ನು ಅಳಿಸಿದವರ ಸುದ್ದಿ ಬೇಡ. ಇನ್ನೊಂದು ಪೀಡೆ ಆ್ಯಂಟಿವೈರಸ್. ಎಲ್ಲ ಪತ್ರಗಳೂ ಒಂದೇ ಫೈಲಿನಲ್ಲಿರುವುದರಿಂದ, ಒಂದು ಕೆಟ್ಟ ಅಟ್ಯಾಚ್‌ಮೆಂಟ್ ಕಂಡರೆ ಅದು ಇಡೀ ಇನ್‌ಬಾಕ್ಸನ್ನೇ ಎತ್ತಿ ಕ್ವಾರಂಟೈನಿಗೆ ಹಾಕಬಹುದು. ಒಂದು ಟೊಮೆಟೊ ಕೊಳೆತಿದೆ ಎಂದು ಕೋಲಾರದ ಮಂಡಿಯಲ್ಲಿ ಲಾರಿಯನ್ನೇ ಸುಟ್ಟ ಹಾಗೆ. ಕ್ವಾರಂಟೈನ್ ಪಟ್ಟಿ ತೆರೆದು ಇನ್‌ಬಾಕ್ಸನ್ನು ರಿಸ್ಟೋರ್ ಮಾಡಿ, ಆ ಒಂದು ಪತ್ರವನ್ನು ಅಳಿಸಿ, ಟ್ರ್ಯಾಷ್ ಖಾಲಿ ಮಾಡಿ, ಫೋಲ್ಡರಿಗೆ ಕಾಂಪ್ಯಾಕ್ಟ್ ಕೊಡಿ. ಅಲ್ಲಿಯವರೆಗೆ ಅಳಿಸಿದ್ದೂ ಗಂಟಿನೊಳಗೇ ಇರುತ್ತದೆ.

ಕಾಂಪ್ಯಾಕ್ಟ್ ಅಂದಾಗ ನೆನಪಾಗುವುದು ಎಕ್ಸ್‌ಪಿ ಯಂತ್ರ. ಎಸ್.ಎಸ್. ಪುರದ ಯಾವುದೋ ಮನೆಯ ರೂಮಿನಲ್ಲಿ ಪ್ಲಾಸ್ಟಿಕ್ ಹೊದ್ದು ಇನ್ನೂ ಒಂದು ಇದ್ದೇ ಇರುತ್ತದೆ. ಸರ್ವೀಸ್ ಪ್ಯಾಕ್ 2 ಎಂಬ ಅಪ್‌ಡೇಟಿನ ನಂತರ ಔಟ್‌ಲುಕ್ ಎಕ್ಸ್‌ಪ್ರೆಸ್ ತನ್ನನ್ನು ಎಷ್ಟು ಸಲ ಮುಚ್ಚಿದಿರಿ ಎಂದು ಎಣಿಸುತ್ತಿತ್ತು. 100 ಆದ ಕೂಡಲೇ ಪತ್ರಗಳನ್ನು ಒತ್ತಿ ಜಾಗ ಉಳಿಸಲೇ ಎಂದು ಕೇಳುತ್ತಿತ್ತು. ಮನುಷ್ಯರು ಓದದೆ ಓಕೆ ಒತ್ತುತ್ತಾರೆ. ಶಿರಾ ಗೇಟ್ ಕಡೆ ಮೋಡ ಕಟ್ಟಿ ಕರೆಂಟು ಹೋಗುವುದೂ ಸರಿಯಾಗಿ ಆಗಲೇ. ಮತ್ತೆ ತೆರೆದರೆ ಇನ್‌ಬಾಕ್ಸ್ ಖಾಲಿ. ಆದರೆ ಒತ್ತುವ ಮೊದಲು ಅದು ಪತ್ರಗಳಿರುವ ಡಿಬಿಎಕ್ಸ್ ಫೈಲಿನ ಒಂದು ಪ್ರತಿಯನ್ನು ಬಿಎಕೆ ಬಾಲ ಹಚ್ಚಿ ರೀಸೈಕಲ್ ಬಿನ್ನಿಗೆ ಹಾಕಿರುತ್ತದೆ. ಅದನ್ನು ಡೆಸ್ಕ್‌ಟಾಪಿಗೆ ತಂದು, ಬಾಲವನ್ನು ಡಿಬಿಎಕ್ಸ್ ಎಂದು ಬದಲಿಸಿ, ಪ್ರೋಗ್ರಾಂ ಮುಚ್ಚಿರುವಾಗ ಹಳೇ ಜಾಗಕ್ಕಿಟ್ಟರೆ ಪತ್ರಗಳು ವಾಪಸ್. ಆರು ತಿಂಗಳಿಂದ ಕಸದ ಬುಟ್ಟಿ ಚೆಲ್ಲದ ಸೋಮಾರಿಗೆ ಸಿಗುವ ಏಕೈಕ ಬಹುಮಾನ ಇದು.

ಹೊಸ ಪ್ರೋಗ್ರಾಮಿಗೆ ಜಿಮೇಲ್ ಸೇರಿಸುವಾಗ ತಾತನ ಪಾಸ್‌ವರ್ಡ್ ಸರಿಯಿದ್ದೂ ತಪ್ಪು ಎನ್ನುವುದುಂಟು. 2022ರ ಮೇ ಕೊನೆಯಿಂದ ಹಳೇ ಥರದ ಪ್ರೋಗ್ರಾಮುಗಳಿಗೆ ಬರೀ ಪಾಸ್‌ವರ್ಡ್ ನಡೆಯುವುದಿಲ್ಲ. ಈಗಿನ ಥಂಡರ್‌ಬರ್ಡ್ ಗೂಗಲ್ಲಿನದೇ ಲಾಗಿನ್ ಪುಟ ತೆರೆಯುವುದರಿಂದ ತೊಂದರೆಯಿಲ್ಲ. ಬೇರೆಯದಕ್ಕೆ ಗೂಗಲ್ ಖಾತೆಯಲ್ಲಿ ಟೂ ಸ್ಟೆಪ್ ಪರಿಶೀಲನೆ ಹಾಕಿಕೊಂಡು 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಅದು ಒಂದೇ ಸಲ ತೋರಿಸುತ್ತದೆ. ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಬರೆಯಬೇಡಿ. ಪೋರ್ಟ್ ಸಂಖ್ಯೆ ಕೇಳಿದರೆ ಐಮ್ಯಾಪಿನಲ್ಲಿ ಬರುವುದಕ್ಕೆ 993, ಹೋಗುವುದಕ್ಕೆ 465 ಇಲ್ಲವೇ 587.

ಎಲ್ಲ ಬಂದ ಮೇಲೂ ಕೊನೆಯ ಕೂಗೊಂದಿರುತ್ತದೆ: "ನೋಡಪ್ಪ, ಕಾಗದ ಎಲ್ಲಾ ಕೆಟ್ಟೋಗೈತೆ!" ಹಳೇ ಮೇಲ್ ತುಂಬ ಪೌಂಡ್ ಚಿಹ್ನೆ, ತಲೆ ಮೇಲೆ ಓರೆಗೆರೆಯ ಇಂಗ್ಲಿಷ್ ಎ. ಕೆಟ್ಟಿಲ್ಲ. ಅದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಚಿಹ್ನೆಗಳಿಗೇ ಕನ್ನಡದ ವೇಷ ಹಾಕುವ ಫಾಂಟಿನಲ್ಲಿ ಬರೆದದ್ದು. ಕನ್ನಡ ಎಂಬ ಮೂರಕ್ಷರವೇ ಅಲ್ಲಿ ಏಳು ಚಿಹ್ನೆ. ವರ್ಡಿಗೆ ಅಂಟಿಸಿ, ಫಾಂಟನ್ನು ನುಡಿ 01 ಇ ಮಾಡಿದರೆ ಓದಬಹುದು. ಶಾಶ್ವತವಾಗಿ ಬೇಕಾದರೆ ಪರಿವರ್ತಕಕ್ಕೆ ಹಾಕಿ, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಮಾಡಿಕೊಳ್ಳಬೇಕು.

ಮುಂದಿನ ಆಯುಧಪೂಜೆಗೆ ಯಂತ್ರವನ್ನು ಆಫ್ ಮಾಡಿಯೇ ಒರೆಸಿ. ಆಫ್ ಮಾಡಲು ಮನಸ್ಸು ಬಾರದಿದ್ದರೆ ವಿಂಡೋಸ್ ಮತ್ತು ಎಲ್ ಒತ್ತಿ ಲಾಕ್ ಮಾಡಿ. ಆಮೇಲೆ ಬಟ್ಟೆ ಎಷ್ಟು ಕುಣಿದರೂ ಪಾಸ್‌ವರ್ಡಿನ ಡಬ್ಬಿಯಲ್ಲಿ ನಾಲ್ಕು ಚುಕ್ಕಿ ಬೀಳುತ್ತವೆ ಅಷ್ಟೆ. ಲಾಕ್ ಮಾಡುವ ಮೊದಲು ಆ ಪಾಸ್‌ವರ್ಡ್ ಮನೆಯಲ್ಲಿ ಯಾರಿಗಾದರೂ ನೆನಪಿದೆಯೇ ಎಂದು ಒಂದು ಸಲ ಗಟ್ಟಿಯಾಗಿ ಕೇಳಿಬಿಡಿ.