ಎರಡು ಎಕರೆ ಆಲೂಗಡ್ಡೆ ಸಾಕು

"ಇಷ್ಟು ಚೆನ್ನಾಗಿ ಹೋಗ್ತಿದೆಯಲ್ಲ, ಮುಂದಿನ ವರ್ಷ ಹತ್ತು ಎಕರೆಗೆ ಹಾಕು" ಅಂತ ಹೇಳುವವರು ಊರಲ್ಲೂ ಇದ್ದಾರೆ, ಇಲ್ಲಿ ಫೇಸ್‌ಬುಕ್‌ನಲ್ಲೂ ಇದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಾನು ಎರಡು ಎಕರೆಗಿಂತ ಜಾಸ್ತಿ ಆಲೂಗಡ್ಡೆ ಹಾಕುವುದಿಲ್ಲ. ಯಾಕೆ ಅಂತ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಆಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸಬಹುದು.

ನಮ್ಮ ಹೊಲ ಇರುವುದು ಭರಮಸಾಗರದ ಹತ್ತಿರ. ಹೈವೇ ಹತ್ತಿದರೆ ಒಂದು ಕಡೆ ದಾವಣಗೆರೆ, ಇನ್ನೊಂದು ಕಡೆ ಚಿತ್ರದುರ್ಗ. ಸುತ್ತ ಮೆಕ್ಕೆಜೋಳ, ಈರುಳ್ಳಿ, ಈಗೀಗ ಅಡಿಕೆ ಸಸಿ. ಆಲೂಗಡ್ಡೆ ನಮ್ಮ ಕಡೆಯ ಬೆಳೆ ಅಲ್ಲ. ಅದು ಹಾಸನ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯದು. ಆದರೆ ತಿನ್ನುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ದಾವಣಗೆರೆ ಬೆಣ್ಣೆ ದೋಸೆಯ ಜೊತೆ ಬರುವ ಪಲ್ಯ ಯಾವುದರದ್ದು? ಹೆಸರೆಲ್ಲ ಬೆಣ್ಣೆಗೆ ಹೋಯಿತು, ಪಾಪ ಆಲೂಗಡ್ಡೆಯನ್ನು ಯಾರೂ ಕೇಳಲಿಲ್ಲ.

ಮೊದಲು ಬೀಜದ ಲೆಕ್ಕ ನೋಡಿ. ಈರುಳ್ಳಿ ಬೆಳೆದು ರೂಢಿ ಇರುವವರಿಗೆ ಇದು ಗಾಬರಿ ಹುಟ್ಟಿಸುತ್ತದೆ. ಈರುಳ್ಳಿಗೆ ಎಕರೆಗೆ ಕೆಲವೇ ಕೆಜಿ ಬೀಜ. ಬೈಕಿನಲ್ಲಿ ತರಬಹುದು. ಆಲೂಗಡ್ಡೆಗೆ ಎಕರೆಗೆ 6ರಿಂದ 8 ಕ್ವಿಂಟಾಲ್ ಬೀಜದ ಗಡ್ಡೆ ಬೇಕು. ಅದೂ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಅಲ್ಲಿ ಚಳಿಗಾಲದಲ್ಲಿ ಗಿಡದ ರಸ ಹೀರುವ ಸಸ್ಯಹೇನಿನ ಕಾಟ ಕಡಿಮೆ, ಹಾಗಾಗಿ ಅದು ಹರಡುವ ನಂಜು (ವೈರಸ್) ರೋಗವೂ ಗಡ್ಡೆಗೆ ಅಷ್ಟಾಗಿ ಸೇರುವುದಿಲ್ಲ. ನಮ್ಮಲ್ಲಿ ಬೆಳೆದದ್ದನ್ನೇ ಬೀಜಕ್ಕೆ ಇಟ್ಟುಕೊಳ್ಳುತ್ತಾ ಹೋದರೆ ವರ್ಷದಿಂದ ವರ್ಷಕ್ಕೆ ರೋಗ ಏರುತ್ತದೆ, ಇಳುವರಿ ಇಳಿಯುತ್ತದೆ. ಕೊಳ್ಳದೆ ಬೇರೆ ದಾರಿ ಇಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ.

ಹತ್ತು ಎಕರೆ ಅಂದರೆ 60ರಿಂದ 80 ಕ್ವಿಂಟಾಲ್ ಬೀಜ. ಒಂದು ಸಾಲು ಹೊಡೆಯುವ ಮೊದಲೇ ಅಷ್ಟಕ್ಕೂ ದುಡ್ಡು ಎಣಿಸಬೇಕು. ಎಲ್ಲಿಂದ ತರುವುದು? ಮಂಡಿಯವರು ಕೊಡುತ್ತಾರೆ, ನಗುತ್ತಲೇ ಕೊಡುತ್ತಾರೆ. ಆಮೇಲೆ ಮಾಲು ಅವರ ಅಂಗಡಿಗೇ ಹೋಗಬೇಕು. ರೇಟು ಅವರದು, ಕಮಿಷನ್ ಅವರದು, ಹಮಾಲಿ ಮಾತ್ರ ನಮ್ಮದು. ಇನ್ನು ಬೀಜದ ಹೆಸರಲ್ಲಿ ತಿನ್ನುವ ಗಡ್ಡೆ ಮಾರುವವರಿಗೂ ಕಡಿಮೆ ಇಲ್ಲ. ನಮಗೂ ಒಮ್ಮೆ ಒಬ್ಬ ವ್ಯಾಪಾರಿ ಹಾಗೇ ಕೊಟ್ಟ. ಸಾಲಿನಲ್ಲಿ ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಎರಡು ಎಕರೆ ಆಗಿದ್ದಕ್ಕೆ ತಡೆದುಕೊಂಡೆವು.

ಹಾಸನದವರನ್ನು ಕೇಳಿ ನೋಡಿ. ಅಲ್ಲಿ ಮುಂಗಾರಿನಲ್ಲಿ, ಮಳೆ ನಂಬಿ ಹಾಕುತ್ತಾರೆ. ಗಿಡ ತುಂಬಿ ನಿಂತ ಹೊತ್ತಿಗೆ ಮೋಡ, ತಂಪು, ಜಡಿಮಳೆ ಮೂರೂ ಕೂಡಿದರೆ ಅಂಗಮಾರಿ ಬರುತ್ತದೆ. ಕೆಲವೇ ದಿನದಲ್ಲಿ ಹೊಲ ಬೆಂಕಿ ಬಿದ್ದ ಹಾಗೆ ಕಪ್ಪಾಗುತ್ತದೆ. 1840ರ ದಶಕದಲ್ಲಿ ಐರ್ಲೆಂಡಿನ ಜನರನ್ನು ಹಸಿವಿಗೆ ದೂಡಿದ್ದೂ ಇದೇ ರೋಗ. ಹಾಸನದ ಕಡೆ ಜಾಸ್ತಿ ಹಾಕುವುದು ಕುಫ್ರಿ ಜ್ಯೋತಿ. 1968ರಲ್ಲಿ ಬಂದ ತಳಿ. ಮೊದಲು ಅಂಗಮಾರಿಯನ್ನು ತಡೆಯುತ್ತಿತ್ತು, ಈಗ ಆ ಶಕ್ತಿ ಉಳಿದಿಲ್ಲ. ಎಷ್ಟೋ ಜನ ಕೈ ಸುಟ್ಟುಕೊಂಡು ಶುಂಠಿಗೆ, ಮೆಕ್ಕೆಜೋಳಕ್ಕೆ ಹೋದರು. ತಲೆಮಾರುಗಳಿಂದ ಬೆಳೆದವರ ಪಾಡೇ ಹೀಗಾದರೆ, ನಿನ್ನೆ ಮೊನ್ನೆ ಶುರು ಮಾಡಿದ ನಾನು ಹತ್ತು ಎಕರೆಗೆ ಹಾರುವುದಾ?

ನಾವು ಹಾಕುವುದು ಹಿಂಗಾರಿನಲ್ಲಿ, ಚಿತ್ತೆ, ಸ್ವಾತಿ ಮಳೆ ಮುಗಿಯುವ ಹೊತ್ತಿಗೆ. ಗಡ್ಡೆ ಚೆನ್ನಾಗಿ ಕಟ್ಟಬೇಕಾದರೆ ರಾತ್ರಿ ಬಿಸಿ 20 ಡಿಗ್ರಿಗಿಂತ ಕೆಳಗೆ ಇರಬೇಕು. ನಮ್ಮ ಕಡೆ ನವೆಂಬರ್‌ನಿಂದ ಜನವರಿವರೆಗೆ ಅದು ಸಿಗುತ್ತದೆ. ತಡ ಮಾಡಿದರೆ ಬಿಸಿಲಿಗೆ ಸಿಕ್ಕಿ ಗಿಡ ಬರೀ ಸೊಪ್ಪು ಬಿಡುತ್ತದೆ. ಮಳೆ ಇರುವುದಿಲ್ಲವಾದ್ದರಿಂದ ಅಂಗಮಾರಿ ಕಾಟ ಕಡಿಮೆ, ಔಷಧಿ ಹೊಡೆಯುವುದೂ ಕಡಿಮೆ. ಆದರೆ ನೀರು ಪೂರ್ತಿ ಬೋರಿನದೇ. ಡ್ರಿಪ್ ಹಾಕಿದ್ದೇವೆ, ಎರಡು ಎಕರೆಗೆ ಸಾಲುತ್ತದೆ. ಹತ್ತು ಎಕರೆಗೆ ಇನ್ನೊಂದು ಬೋರ್ ಕೊರೆಸಬೇಕು. ಚಿತ್ರದುರ್ಗ ಜಿಲ್ಲೆಯಲ್ಲಿ ಬೋರ್ ಕೊರೆಸುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾ?

ಇದೆಲ್ಲಕ್ಕಿಂತ ದೊಡ್ಡ ಕಾರಣ ಮಣ್ಣು. ಒಮ್ಮೆ ಆಲೂಗಡ್ಡೆ ತೆಗೆದ ಜಾಗಕ್ಕೆ ಮೂರು ವರ್ಷ ನಾವು ಮತ್ತೆ ಅದನ್ನು ಹಾಕುವುದಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿಯೂ ಇಲ್ಲ. ಎಲ್ಲ ಒಂದೇ ಕುಲದವು. ಸೊರಗು ರೋಗದ ದುಂಡಾಣು ಮಣ್ಣಿನಲ್ಲೇ ಕಾದು ಕೂತಿರುತ್ತದೆ. ಆ ಮೂರು ವರ್ಷ ಮೆಕ್ಕೆಜೋಳ, ರಾಗಿ, ಅಲಸಂದೆ, ಜೊತೆಗೆ ಕೊಟ್ಟಿಗೆ ಗೊಬ್ಬರ. ಈಗ ನೀವೇ ಲೆಕ್ಕ ಹಾಕಿ. ಎರಡು ಎಕರೆ ಆಲೂಗಡ್ಡೆ ಹೀಗೆ ಸುತ್ತಿಸಬೇಕಾದರೆ ಎಂಟು ಎಕರೆ ಹೊಲ ಬೇಕು. ಹತ್ತಕ್ಕೆ ನಲವತ್ತು. ನಮ್ಮಪ್ಪ ಉಳಿಸಿಕೊಟ್ಟದ್ದು ಎಂಟು. ಮಾತು ಇಲ್ಲಿಗೇ ಮುಗಿಯಬೇಕಿತ್ತು, ಆದರೆ "ಗುತ್ತಿಗೆಗೆ ತಗೋ" ಅನ್ನುವವರು ಇದ್ದೇ ಇರುತ್ತಾರೆ! ಗುತ್ತಿಗೆ ಹೊಲದ ಮಣ್ಣನ್ನು ಮೂರು ವರ್ಷ ಯಾರು ಕಾಯುತ್ತಾರೆ?

ಹಾಗಾದರೆ ಇಷ್ಟರಲ್ಲಿ ಉಳಿಯುವುದು ಎಲ್ಲಿಂದ? ಗಾತ್ರ ನೋಡಿ ಆರಿಸಿ ಬೇರೆ ಮಾಡುವುದರಿಂದ. ನಮ್ಮ ಮಾಲು ಮಂಡಿಗೆ ಹೋಗುವುದಿಲ್ಲ, ನೇರ ಹೋಟೆಲ್, ಖಾನಾವಳಿ, ಮೆಸ್‌ಗಳ ಅಡುಗೆಮನೆಗೆ ಹೋಗುತ್ತದೆ. ಅಡುಗೆಮನೆಗೆ ಏನು ಬೇಕು ಅಂತ ಮಂಡಿಯಲ್ಲಿ ಯಾರೂ ಹೇಳುವುದಿಲ್ಲ. ಒಬ್ಬ ಭಟ್ಟರು ನನಗೆ ಹೇಳಿದ್ದು ಇಷ್ಟು: "ಸಣ್ಣದು ದಪ್ಪದು ಬೆರೆಸಿ ತರಬೇಡ ಕಣಪ್ಪ. ಒಂದೇ ಪಾತ್ರೆಯಲ್ಲಿ ಬೇಯಿಸಿದ್ರೆ ಸಣ್ಣದು ಕರಗಿ ಹೋಗುತ್ತೆ, ದಪ್ಪದು ಒಳಗೆ ಹಸಿ ಇರುತ್ತೆ." ಅಷ್ಟೇ ವಿಷಯ. ಅವತ್ತಿಂದ ಮೂರು ಪಾಲು ಮಾಡುತ್ತೇವೆ. ಒಂದೇ ಸಮ ಇರುವ ನಡುವಿನ ಗಾತ್ರದ್ದು ದೋಸೆ ಹೋಟೆಲಿನ ಪಲ್ಯಕ್ಕೆ. ದಪ್ಪದ್ದು ಖಾನಾವಳಿಗೆ, ಸಿಪ್ಪೆ ತೆಗೆಯುವ ಕೆಲಸ ಕಡಿಮೆ ಆಗುತ್ತದೆ ಅಂತ ಅವರು ಕೇಳಿ ತಗೊಳ್ಳುತ್ತಾರೆ. ಗೋಲಿ ಗಾತ್ರದ್ದು ಸಂತೆಗೆ. ಗುದ್ದಲಿ ಏಟು ಬಿದ್ದದ್ದು ಮನೆಗೆ. ಬಿಸಿಲು ತಾಗಿ ಹಸಿರಾದದ್ದು ಯಾರಿಗೂ ಇಲ್ಲ, ದನಕ್ಕೂ ಇಲ್ಲ. ಆ ಹಸಿರಿನ ಜೊತೆ ಸೊಲನಿನ್ ಅನ್ನೋ ವಿಷ ಕೂಡುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಅದನ್ನು ಮಣ್ಣು ಬಳಿದು ಚೀಲದ ನಡುವೆ ತುಂಬುವವರನ್ನು ನೋಡಿದ್ದೇನೆ. ಸಿಟ್ಟು ಬರುತ್ತದೆ.

ರೇಟು ಕೊಯ್ಲಿಗೆ ಮೊದಲೇ ಮಾತಾಡಿಕೊಳ್ಳುತ್ತೇವೆ, ಸೀಸನ್ ಮುಗಿಯುವವರೆಗೆ ಅದೇ. ಮಂಡಿಯಲ್ಲಿ ಇಳಿದರೂ ಅವರು ಕಡಿಮೆ ಕೇಳುವುದಿಲ್ಲ, ಏರಿದರೂ ನಾನು ಜಾಸ್ತಿ ಕೇಳುವುದಿಲ್ಲ. ಏರಿದಾಗ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಟೊಮೆಟೊ, ಈರುಳ್ಳಿ ರಸ್ತೆಗೆ ಸುರಿದದ್ದನ್ನು ನೋಡಿ ಬೆಳೆದವನು ನಾನು. ಗೊತ್ತಿರುವ ರೇಟಿನಲ್ಲಿ ನೆಮ್ಮದಿ ಜಾಸ್ತಿ.

ನಮ್ಮ ಹತ್ತಿರ ಕೋಲ್ಡ್ ಸ್ಟೋರೇಜ್ ಇಲ್ಲ. ಕೀಳುವ ಹತ್ತು ದಿನ ಮೊದಲು ಮೇಲಿನ ಗಿಡ ಕೊಯ್ದುಬಿಡುತ್ತೇವೆ, ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ ನೆರಳಲ್ಲಿ ಆರಿಸಿ, ಗಾಳಿ ಆಡುವ ಕತ್ತಲೆ ಕೋಣೆಯಲ್ಲಿ ತೆಳ್ಳಗೆ ಹರಡುತ್ತೇವೆ. ಗಡ್ಡೆಗೆ ಚಿಟ್ಟೆ ಮೊಟ್ಟೆ ಇಡದಂತೆ ಲಂಟಾನ ಸೊಪ್ಪು ಮುಚ್ಚುತ್ತೇವೆ. ಯುಗಾದಿ ಹೊತ್ತಿಗೆ ಎಲ್ಲ ಖಾಲಿ ಆಗಬೇಕು, ಆಮೇಲಿನ ಸೆಕೆಗೆ ನಿಲ್ಲುವುದಿಲ್ಲ.

ಉಳಿದ ತಿಂಗಳು ಅಡುಗೆಮನೆ ಕಾಯುವುದಿಲ್ಲವಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಾಸನದ ರೈತರಿಂದ ತರುತ್ತೇನೆ. ಅದೂ ಇಲ್ಲದಾಗ ಉತ್ತರದ ಕಡೆಯ ಕೋಲ್ಡ್ ಸ್ಟೋರೇಜ್ ಮಾಲು. ಎಲ್ಲಿಯದು ಅಂತ ಬಿಲ್ಲಿನಲ್ಲೇ ಬರೆಯುತ್ತೇನೆ. ತುಂಬಾ ತಂಪಿನಲ್ಲಿ ಇಟ್ಟದ್ದರಲ್ಲಿ ಪಿಷ್ಟ ಸಕ್ಕರೆಯಾಗಿರುತ್ತದೆ. ಪಲ್ಯ ಸಿಹಿ ಹೊಡೆಯುತ್ತದೆ, ಕರಿದರೆ ಕಂದು ಬಣ್ಣ. ಹೊರಗೆ ಒಂದೆರಡು ವಾರ ಇಟ್ಟು ಕೊಟ್ಟರೆ ಸ್ವಲ್ಪ ವಾಸಿ. ಇದರಲ್ಲಿ ನನಗೆ ಲಾಭ ಕಡಿಮೆ, ಆದರೆ ಗಿರಾಕಿ ಕೈ ತಪ್ಪುವುದಿಲ್ಲ.

ಈಗ ಒಂದು ಚಿಪ್ಸ್ ಅಂಗಡಿಯವರು ಕೇಳುತ್ತಿದ್ದಾರೆ. ಅವರಿಗೆ ನೀರಿನಂಶ, ಸಕ್ಕರೆ ಎರಡೂ ಕಡಿಮೆ ಇರುವ ಗಡ್ಡೆ ಬೇಕು. ಕುಫ್ರಿ ಚಿಪ್ಸೋನ ತಳಿಗಳನ್ನು ಇದಕ್ಕೇ ಅಂತ ಮಾಡಿದ್ದಾರೆ. ಅದೇ ಎರಡು ಎಕರೆಯಲ್ಲಿ ಹತ್ತು ಗುಂಟೆಗೆ ಹಾಕಿ ನೋಡುವ ಆಸೆ ಇದೆ. ಹೊಳಲ್ಕೆರೆ, ಜಗಳೂರು, ಹಿರಿಯೂರು ಕಡೆ ಯಾರಾದರೂ ಬೆಳೆದಿದ್ದರೆ ಕಾಮೆಂಟಿನಲ್ಲಿ ಹೇಳಿ. ಬೀಜ ಎಲ್ಲಿ ತಂದಿರಿ ಅನ್ನುವುದನ್ನು ಮಾತ್ರ ಮರೆಯಬೇಡಿ.