ಹತ್ತು ತಿಂಗಳ ಅಡ್ವಾನ್ಸಿಗಿಂತ ಒಂದು ರಿಜಿಸ್ಟರ್ ಪತ್ರ ಮೇಲು

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. ವೈಟ್‌ಫೀಲ್ಡ್ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ದಾನಂತೆ. ತಾನು ಇರುವುದಕ್ಕಲ್ಲ, ಬಾಡಿಗೆಗೆ ಕೊಡುವುದಕ್ಕೆ. "ಮಾಮಾ, ಬಾಡಿಗಿ ಬರ್ತದಲ್ಲ, ಇಎಂಐ ಅದರಾಗ ಮುಗದು ಹೋಗ್ತದ" ಎಂದ. ನನಗೆ ಗಾಬರಿಯಾಯಿತು. ಮೊದಲು ಪೆನ್ನು ಹಾಳೆ ತಗೋ ಎಂದೆ.

ಫ್ಲ್ಯಾಟಿನ ಬೆಲೆ 75 ಲಕ್ಷ, ಸಾಲ 60 ಲಕ್ಷ. ಶೇ 8.5ರ ಬಡ್ಡಿಗೆ 20 ವರ್ಷ ಅಂದರೆ ತಿಂಗಳ ಕಂತು 52,000 ರೂಪಾಯಿ. ಬಾಡಿಗೆ ಸಿಗುವುದು 25,000. ಅಂದರೆ ಅರ್ಧಕ್ಕಿಂತ ಜಾಸ್ತಿ ಅವನ ಸಂಬಳದಿಂದಲೇ ಹೋಗಬೇಕು. ಆ 25,000 ಕೂಡ ಪೂರ್ತಿ ಕೈಗೆ ಬರುವುದಿಲ್ಲ. ವರ್ಷಕ್ಕೆ 3 ಲಕ್ಷ ಬಾಡಿಗೆ ಎಂದಿಟ್ಟುಕೊಳ್ಳಿ. ಮೇಂಟೆನೆನ್ಸ್ ಮಾಲೀಕನೇ ಕಟ್ಟುವುದಾದರೆ 42,000 ಹೋಯಿತು. ಮನೆ ಒಂದು ತಿಂಗಳು ಖಾಲಿ ಬಿದ್ದರೆ 25,000. ಕಂದಾಯ, ನಲ್ಲಿ, ಗೀಸರ್, ಬಣ್ಣ ಅಂತ ಇನ್ನೊಂದು 30,000. ಉಳಿಯುವುದು 2 ಲಕ್ಷ. ಮನೆಯ ಬೆಲೆಗೆ ಹೋಲಿಸಿದರೆ ಶೇ 2.7. ಬ್ಯಾಂಕಿಗೆ ಕೊಡುವ ಬಡ್ಡಿ ಶೇ 8.5. ನೋಂದಣಿ ಖರ್ಚನ್ನು ನಾನಿನ್ನೂ ಸೇರಿಸಿಯೇ ಇಲ್ಲ.

"ಟ್ಯಾಕ್ಸ್ ಉಳಿತದಲ್ಲ ಮಾಮಾ" ಎಂದ. ಇಲ್ಲಿಯೂ ನಮ್ಮ ಹುಡುಗರು ಎಡವುತ್ತಾರೆ. ಬಾಡಿಗೆ ಆದಾಯದಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟು ರಿಪೇರಿ ಬಾಬ್ತು ಅಂತ ಬಿಡುತ್ತಾರೆ, ಆಮೇಲೆ ಬಡ್ಡಿ ಕಳೆಯಬಹುದು, ಕಳೆದರೆ ಲೆಕ್ಕದಲ್ಲಿ ನಷ್ಟ ಬರುತ್ತದೆ, ನಿಜ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದರೆ ಆ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಹಳೆಯ ಪದ್ಧತಿಯಲ್ಲೂ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ. ಅಪ್ಪ ಅಮ್ಮನ ಕಾಲದ ಲೆಕ್ಕ ಈಗ ನಡೆಯುವುದಿಲ್ಲ.

ಮನೆ ತಗೊಳ್ಳಬೇಡ ಅಂತ ನಾನು ಹೇಳಲಿಲ್ಲ. ನಾನೂ ಪುಣೆಯಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಒಂಬತ್ತು ವರ್ಷ ಆಯಿತು. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದೆ. ಎರಡೂ ಊರಿನ ರೀತಿ ನೋಡಿದವನಾಗಿ ನನಗೆ ಒಂದು ವಿಷಯ ಗಟ್ಟಿಯಾಗಿ ಅನಿಸುತ್ತದೆ. ನಮ್ಮ ಕಡೆ ಮಾಲೀಕರು ಅಡ್ವಾನ್ಸ್ ದುಡ್ಡನ್ನು ನಂಬುತ್ತಾರೆ. ಮಹಾರಾಷ್ಟ್ರದಲ್ಲಿ ಕಾಗದವನ್ನು ನಂಬುತ್ತಾರೆ. ಹೊಸಬರಿಗೆ ಕಾಗದವೇ ಒಳ್ಳೆಯದು.

ಇಲ್ಲಿ ಮಹಾರಾಷ್ಟ್ರದವರು ಹೀಗಾಗಲು ಕಾರಣ ಇದೆ. 1947ರ ಮುಂಬಯಿ ಬಾಡಿಗೆ ಕಾನೂನು ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರರನ್ನು ಬಿಡಿಸುವುದೂ ಕಷ್ಟವಾಯಿತು. ಕೈಗೆ ಏನೂ ಬರದಿದ್ದಾಗ ಮಾಲೀಕರು ರಿಪೇರಿ ಬಿಟ್ಟರು, ಕಟ್ಟಡಗಳು ಸೊರಗಿದವು. ಅದನ್ನು ತಪ್ಪಿಸಿಕೊಳ್ಳಲು 'ಬಾಡಿಗೆ' ಎಂಬ ಮಾತನ್ನೇ ಬಿಟ್ಟು 'ಲೀವ್ ಅಂಡ್ ಲೈಸೆನ್ಸ್' ಎಂದು ಬರೆಯತೊಡಗಿದರು. ಅಂದರೆ ಇರಲು ಅನುಮತಿ ಅಷ್ಟೇ, ಹಕ್ಕಿಲ್ಲ. 1973ರಲ್ಲಿ ಕಾನೂನು ತಿದ್ದಿ, ಆ ವರ್ಷ ಫೆಬ್ರುವರಿ 1ರಂದು ಹಾಗೆ ಇದ್ದವರನ್ನೂ ಬಾಡಿಗೆದಾರರೆಂದೇ ಪರಿಗಣಿಸಿದರು. ಆ ಪೆಟ್ಟು ಇಲ್ಲಿನ ಹಳೆಯ ಮನೆತನಗಳಿಗೆ ಇನ್ನೂ ನೆನಪಿದೆ. ಕೊನೆಗೆ 1999ರ ಕಾನೂನು ದಾರಿ ಸರಿಮಾಡಿತು. ಲೀವ್ ಅಂಡ್ ಲೈಸೆನ್ಸ್ ಪತ್ರವನ್ನು ರಿಜಿಸ್ಟರ್ ಮಾಡಿಸಲೇಬೇಕು, ಅದು ಮಾಲೀಕನ ಜವಾಬ್ದಾರಿ. ಮಾಡಿಸದಿದ್ದರೆ ದಂಡ ಇದೆ, ಮೂರು ತಿಂಗಳವರೆಗೆ ಜೈಲೂ ಇದೆ. ಜಗಳವಾದರೆ, ಬೇರೆ ಪುರಾವೆ ಸಿಗುವ ತನಕ ಬಾಡಿಗೆದಾರ ಹೇಳಿದ ಷರತ್ತೇ ಸರಿ ಎಂದಾಗುತ್ತದೆ. ಮಾಡಿಸಿದ್ದರೆ, ಅವಧಿ ಮುಗಿದ ಮೇಲೂ ಮನೆ ಬಿಡದವರು ಬಾಡಿಗೆಯ ಎರಡರಷ್ಟು ಕೊಡಬೇಕು.

ಎರಡೂ ಕಡೆ ಪತ್ರ 11 ತಿಂಗಳಿಗೇ ಆಗುವುದು ನೋಡಿ. ಬೆಂಗಳೂರಿನಲ್ಲಿ 11 ಬರೆಯುವುದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಅಂತ. ಸ್ಟ್ಯಾಂಪ್ ಪೇಪರ್, ನೋಟರಿ, ಮುಗಿಯಿತು. ಇಲ್ಲಿ 11 ಇದ್ದರೂ ರಿಜಿಸ್ಟರ್ ತಪ್ಪುವುದಿಲ್ಲ.

ಅದು ದೊಡ್ಡ ತಲೆನೋವೂ ಅಲ್ಲ. ಹೋದ ವರ್ಷ ನಮ್ಮ ಊಟದ ಮೇಜಿನ ಮೇಲೇ ಆಯಿತು. ಏಜೆಂಟ್ ಹುಡುಗ ಲ್ಯಾಪ್‌ಟಾಪ್, ಕ್ಯಾಮೆರಾ, ಹೆಬ್ಬೆಟ್ಟಿನ ಯಂತ್ರ ತಂದಿದ್ದ. ನಾನು ಒತ್ತಿದೆ, ಬಾಡಿಗೆಗೆ ಬರುವ ಹುಡುಗಿ ಒತ್ತಿದಳು. ಸಾಕ್ಷಿಗೆ ಬಂದಿದ್ದ ಪಕ್ಕದ ಮನೆ ಕಾಕುಗಳ ಹೆಬ್ಬೆಟ್ಟು ಮಾತ್ರ ಹಿಡಿಯಲೇ ಇಲ್ಲ. ನಲವತ್ತು ವರ್ಷ ಪಾತ್ರೆ ತಿಕ್ಕಿದ ಕೈ, ಗೆರೆಗಳೇ ಸವೆದಿವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆರಳು ಬದಲಿಸಿ, ಐದನೇ ಸಲಕ್ಕೆ ಹಸಿರು ದೀಪ ಬಂತು. 18,000 ಬಾಡಿಗೆ, 54,000 ಡೆಪಾಸಿಟ್. ಸ್ಟ್ಯಾಂಪ್ ಶುಲ್ಕ 500ರ ಆಸುಪಾಸು, ನೋಂದಣಿಗೆ 1,000. ಏಜೆಂಟ್ ಫೀಸು ಬೇರೆ. ಇಷ್ಟಕ್ಕೆ ಹನ್ನೊಂದು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಈಗ ಅಡ್ವಾನ್ಸ್ ವಿಷಯ. 2004ರಲ್ಲಿ ಬೆಂಗಳೂರಿನಲ್ಲಿ ನನ್ನ ಬಾಡಿಗೆ 6,000, ಅಡ್ವಾನ್ಸ್ 60,000. ಅಷ್ಟು ಹೊಂದಿಸಲು ಅಮ್ಮನ ಬಳೆ ಅಡವಿಟ್ಟಿದ್ದೆವು. ಮನೆ ಬಿಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು, ಗೋಡೆಯ ಮೊಳೆ ತೂತುಗಳಿಗೆ ಅಂತ ಇನ್ನಷ್ಟು. ಉಳಿದದ್ದು ಕೈಗೆ ಬರಲು ಎರಡು ತಿಂಗಳಾಯಿತು. ಏಕೆಂದರೆ ಆ ದುಡ್ಡು ಅವರ ಹತ್ತಿರ ಇರಲೇ ಇಲ್ಲ. ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ನನಗೆ ಕೊಟ್ಟರು. ಈಗ ಅಪಾರ್ಟ್‌ಮೆಂಟುಗಳಲ್ಲಿ ತಿಂಗಳುಗಳ ಲೆಕ್ಕ ಇಳಿದಿದೆ, ಆದರೆ ರೂಢಿ ಪೂರ್ತಿ ಹೋಗಿಲ್ಲ. 2021ರ ಕೇಂದ್ರದ ಮಾದರಿ ಕಾನೂನು ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ. ನಾನೇ ಮೂರು ತಿಂಗಳದ್ದು ತಗೊಂಡಿದ್ದೇನೆ, ನೀವು ಎರಡೇ ತಗೊಳ್ಳಿ. ತಗೊಂಡದ್ದನ್ನು ಆ ದಿನವೇ ಎಫ್‌ಡಿಯಲ್ಲಿಡಿ. ಅದು ನಿಮ್ಮ ದುಡ್ಡಲ್ಲ. ಮನೆ ಕೊಡುವ ದಿನ ಪ್ರತಿ ಗೋಡೆಯ, ನಲ್ಲಿಯ, ಕರೆಂಟ್ ಮೀಟರಿನ ಫೋಟೋ ತೆಗೆದು ಇಬ್ಬರೂ ಇಟ್ಟುಕೊಂಡರೆ ಬಣ್ಣದ ಜಗಳವೇ ಬರುವುದಿಲ್ಲ.

ಭೋಗ್ಯದ ಆಸೆಗಂತೂ, ಅಂದರೆ ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ದೊಡ್ಡ ಮೊತ್ತ ತಗೊಂಡು ಅವಧಿ ಮುಗಿದಾಗ ವಾಪಸ್ ಕೊಡುವ ಪದ್ಧತಿಗೆ, ಹೊಸಬರು ಬೀಳಲೇಬಾರದು. ಮುಂಬಯಿಯಲ್ಲಿ ಇದಕ್ಕೆ ಹೆವಿ ಡೆಪಾಸಿಟ್ ಅನ್ನುತ್ತಾರೆ, ಹೆಸರು ಬೇರೆ, ಸಂಗತಿ ಒಂದೇ. ಒಟ್ಟಿಗೆ ಹತ್ತು ಹದಿನೈದು ಲಕ್ಷ ಬರುತ್ತದೆ, ಸಾಲಕ್ಕೆ ಕಟ್ಟಿಬಿಡೋಣ ಅನಿಸುತ್ತದೆ. ಮೂರು ವರ್ಷಕ್ಕೆ ವಾಪಸ್ ಕೊಡಲು ಎಲ್ಲಿಂದ ತರುತ್ತೀರಿ? ಸಾಲ ಇರುವ ಮನೆಯನ್ನು ಭೋಗ್ಯಕ್ಕೆ ಹಾಕಿ ಕಂತು ತಪ್ಪಿದರೆ ಬ್ಯಾಂಕಿನವರು ಬರುತ್ತಾರೆ. ಆಗ ಬೀದಿಗೆ ಬೀಳುವುದು ತಮ್ಮ ಉಳಿತಾಯವನ್ನೆಲ್ಲ ನಿಮ್ಮ ಕೈಗೆ ಕೊಟ್ಟ ಇನ್ನೊಂದು ಸಂಸಾರ.

ಹಾಗಂತ ಎಲ್ಲದರಲ್ಲೂ ಪುಣೆಯೇ ಮೇಲು ಅಂತಲ್ಲ. ಬೆಂಗಳೂರಿನಲ್ಲಿ ಮಾಲೀಕರು ಮೇಲಿನ ಮಹಡಿಯಲ್ಲೇ ಇರುತ್ತಿದ್ದರು. ಮೋಟಾರ್ ಕೆಟ್ಟರೆ ಅರ್ಧ ಗಂಟೆಯಲ್ಲಿ ಪ್ಲಂಬರ್ ಬರುತ್ತಿದ್ದ. ಆಂಟಿ ರಾಮನವಮಿಗೆ ಪಾನಕ ಕೋಸಂಬರಿ ಕಳಿಸುತ್ತಿದ್ದರು. ಇಲ್ಲಿ ಎಷ್ಟೋ ಬಾಡಿಗೆದಾರರು ಮಾಲೀಕರ ಮುಖ ನೋಡುವುದು ಹೆಬ್ಬೆಟ್ಟು ಒತ್ತುವ ದಿನ ಮಾತ್ರ. ನಾನು ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ, ಮಳೆಗಾಲಕ್ಕೆ ಮುಂಚೆ ಹೋಗಿ ಬಾತ್‌ರೂಮಿನ ಮೂಲೆ ನೋಡಿ ಬರುತ್ತೇನೆ. ಒಮ್ಮೆ ಅಸಡ್ಡೆ ಮಾಡಿದ್ದೆ. ಟೈಲ್ಸ್ ಸಂದಿಯಿಂದ ನೀರು ಇಳಿದು ಕೆಳಗಿನ ಮನೆಯ ಸೀಲಿಂಗ್ ಹಾಳಾಗಿ, ಎರಡೂ ಮನೆಗಳ ಖರ್ಚು ನನ್ನ ತಲೆಗೇ ಬಂತು, 38,000.

ಅಳಿಯನಿಗೆ ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಕೇಳಿದೆ. ಅಲ್ಲಿ ನೀರು ಎಲ್ಲಿಂದ ಬರುತ್ತದೆ? ಅವನಿಗೆ ಗೊತ್ತಿರಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಜನ ಪಟ್ಟ ಪಾಡನ್ನು ನಾವೆಲ್ಲ ನೋಡಿದ್ದೇವೆ. ಪುಣೆಯ ಅಂಚಿನ ಬಡಾವಣೆಗಳಲ್ಲೂ ಟ್ಯಾಂಕರೇ ಗತಿ. ನೀರಿಲ್ಲದ ಮನೆಯಲ್ಲಿ ಒಳ್ಳೆಯ ಬಾಡಿಗೆದಾರರು ನಿಲ್ಲುವುದಿಲ್ಲ. ಅಸೋಸಿಯೇಷನ್‌ನವರ ಹತ್ತಿರ ಮಾರ್ಚ್‌ನಿಂದ ಮೇ ತನಕದ ಟ್ಯಾಂಕರ್ ಬಿಲ್ ಕೇಳು, ಕೊಟ್ಟ ಮೇಲೆ ಟೋಕನ್ ಹಣದ ಮಾತು ಎಂದಿದ್ದೇನೆ. ಮೊನ್ನೆ ಬಿಲ್ಲುಗಳ ಫೋಟೋ ಕಳಿಸಿದ್ದಾನೆ. ಮುಂದಿನ ವಾರ ನಾನೂ ಬೆಂಗಳೂರಿಗೆ ಹೋಗುತ್ತಿದ್ದೇನೆ, ಇಬ್ಬರೂ ಕೂತು ನೋಡುತ್ತೇವೆ.